ತಲಿ ಬಂತು, ಮೈ ಬರಲಿಲ್ಲ

ಒಂದೇ ಕಡಿ ಕುಂದ್ರೋದು ನನ್ನ ಹಣ್ಯಾಗ ಬರದಿಲ್ಲ. ಸಾಲಿ ಬಿಟ್ಟದ್ದೂ ಅದಕ್ಕೇ. ಆದ್ರ ಯಾವ ಊರಿಗೆ ಹೋದ್ರೂ ಒಂದು ಎಡವಟ್ಟು ನನಗಿಂತ ಮೊದಲೇ ಬಸ್ ಹತ್ತಿ ಅಲ್ಲಿ ಕುಂತಿರ್ತದ. ಈ ಸಲ ಅದು ಕುಂತಿದ್ದು ಭಾಲ್ಕಿಯ ಒಂದು ದಾಲ್ ಮಿಲ್ಲಿನಾಗ.

ಹಳ್ಳಿ ದಲಾಲರು ಮೊಬೈಲಿನಿಂದ ತೊಗರಿ ಫೋಟೋ ಕಳಿಸಬೇಕು, ಮಿಲ್ಲಿನ ಸಾಹುಕಾರರು ಕುರ್ಚಿ ಬಿಡದೆ ನೋಡಿ ಖರೀದಿಸಬೇಕು, ಅಂಥ ಸಾಫ್ಟ್‌ವೇರ್ ಮಾಡ್ಲಿಕ್ಕೆ ನನ್ನ ಕರಸಿದ್ರು. ಬರೋ ಪ್ರತಿ ಸಂದೇಶಕ್ಕೂ ತಲಿ ಒಂದು, ಮೈ ಒಂದು. ಒಳಗೇನದ, ಎಷ್ಟು ದೊಡ್ಡದದ ಅಂತ ತಲಿ ಹೇಳ್ತದ. ಫೋಟೋ ಇರೋದು ಮೈಯಾಗ. ಇದನ್ನೆಲ್ಲ ಓದಿ ಬಿಡಿಸೋ ಪ್ರೋಗ್ರಾಂ ಪಾರ್ಸರ್. ಮೈ ಎಷ್ಟು ಒಳಗ ಬಿಡಬೇಕಂತ ಅದಕ್ಕ ತಾಕೀತು ಮಾಡೋದು ನನ್ನ ಕೆಲಸ.

೧

ಲಗೂನ ಮುಗಿಸಿ ಬೈಕ್ ಹತ್ತಿ ಬೀದರಿಗೆ ಓಡೋ ಗಡಿಬಿಡಿಯಾಗ ಸಣ್ಣ ಮಿತಿ ಇಟ್ಟೆ. ಹೆಚ್ಚಾದದ್ದನ್ನ ಬಾಗಿಲಾಗೇ ಕತ್ತರಿಸು ಅಂದೆ. ಭಾತಂಬ್ರಾದಿಂದ ಮೊದಲ ಫೋಟೋ ಬಂತು. ಮ್ಯಾಲಿನ ಅರ್ಧದಾಗ ಆಕಾಶ, ರೈತನ ರುಮಾಲು, ಮೀಸಿ. ಕೆಳಗಿನ ಚೀಲ ಮಾಯ.

ಸಾಹುಕಾರರು ಕನ್ನಡಕ ಏರಿಸಿದರು. "ಏ ತಮ್ಮಾ, ನಾ ತೊಗರಿ ಖರೀದಿ ಮಾಡ್ಲತ್ತೀನೋ, ಅಳಿಯನ್ನ ನೋಡ್ಲತ್ತೀನೋ?"

೨

ಸಿಟ್ಟಿಗೆದ್ದು ಮಿತೀನೇ ಕಿತ್ತೊಗೆದೆ. ಎಷ್ಟೇ ದೊಡ್ಡದಿರಲಿ, ಪೂರ್ತಿ ಬರೋತನ ಕಾಯಿ ಅಂದೆ. ಔರಾದದ ದಲಾಲ, ಎಲ್ಲಾನೂ ಹೋಗ್ತದಂತ ಕೇಳಿ, ತನ್ನ ತಂಗಿ ಮದುವಿ ವಿಡಿಯೋನೇ ಕಳಿಸಿದ. ಪಾರ್ಸರ್ ಅದನ್ನೇ ತುಣುಕು ತುಣುಕಾಗಿ ಪರದೆ ಮ್ಯಾಲೆ ಇಳಿಸ್ತಾ, ಪೂರ್ತಿ ಬರೋತನ ಕಾಯ್ತಾ ನಿಂತುಬಿಡ್ತು. ಉಳಿದವರ ಫೋಟೋ ಎಲ್ಲಾ ಹಿಂದ ಸಾಲಾಗಿ ನಿಂತವು.

"ಅಕ್ಕಿಕಾಳು ಬಿತ್ತು, ಊಟಾನೂ ಆಯ್ತು," ಅಂದರು ಸಾಹುಕಾರರು. "ತೊಗರಿ ಯಾವಾಗ ಬರ್ತದಪಾ?"

೩

ನಾ ಮೆಲ್ಲಗ ಬ್ಯಾಗ್ ಹೆಗಲಿಗೆ ಹಾಕ್ದೆ. ಅವರು ನನಗಿಂತ ಚುರುಕು. ಟೇಬಲ್ ಮ್ಯಾಲಿದ್ದ ನನ್ನ ಬೈಕಿನ ಚಾವಿ ಅವರ ಕಿಸೆಗಿಳೀತು. "ಫೋಟೋ ಪೂರ್ತಿ ಬರಲಿ, ಚಾವಿ ಕೊಡ್ತೀನಿ. ಗಾಡಿ ಎಲ್ಲಿಗ್ಹೋಗ್ತದ? ಹಿಂದಿನ ಓಣ್ಯಾಗ ನೆರಳಿಗೆ ನಿಲ್ಲಸ್ತೀನಿ."

ಪಂಜರದಾಗ ಹಾಕಿದಂಗಾಯ್ತು. ಚಾ ಮ್ಯಾಲೆ ಚಾ ಕುಡದು ಕುಂತೆ. ಫೋಟೋ ಇದ್ರ ಪೂರ್ತಿ ಒಳಗ ಬಿಡು, ವಿಡಿಯೋ ಇದ್ರ ತಲಿ ನೋಡೇ ವಾಪಸ್ ಅಟ್ಟು ಅಂತ ಪಾರ್ಸರಿಗೆ ತಾಕೀತು ಮಾಡ್ದೆ. ಮಧ್ಯಾಹ್ನಕ್ಕ ಔರಾದದ ದಲಾಲನ ಫೋಟೋ ಬಂತು. ಮೊದಲು ಆಕಾಶ, ಆಮ್ಯಾಲ ಅವನ ನಗಿಮಾರಿ, ಆಮ್ಯಾಲ ಚೀಲ!

"ಶಾಬಾಸ್!" ಅಂದರು ಸಾಹುಕಾರರು.

ಫೋಟೋ ಇನ್ನೂ ಕೆಳಗ ಇಳೀತು. ಚೀಲದ ಬುಡಕ ಒಂದು ಬೈಕು. ಹ್ಯಾಂಡಲ್ಲಿಗೆ ನಾ ಬೆವರು ಒರಸಿ ಕಟ್ಟಿದ ಕೆಂಪು ದಸ್ತಿ.

"ಸಾಹುಕಾರ್ರ, ನನ್ನ ಗಾಡಿ ಔರಾದಕ್ಕ ಹ್ಯಾಂಗ ಹೋಯ್ತ್ರಿ?"

ಅವರು ಖಾಲಿ ಕಿಸೆ ಮುಟ್ಟಿಕೊಂಡು ಮೆತ್ತಗ ಅಂದರು: "ತಮ್ಮಾ, ತೊಗರಿ ಖುದ್ದು ನೋಡಿ ಬಾ ಅಂತ ನಮ್ಮ ಆಳಿನ ಕೈಗೆ ಚಾವಿ ಕೊಟ್ಟಿದ್ದೆ. ಮೊದಲು ಅರ್ಧ ಬರ್ತಿತ್ತಲ್ಲ, ಅದೇ ಛಲೋ ಇತ್ತು ನೋಡು."