ಕಪ್ಪು ಮೋಲಿಯ ಹೆರಿಗೆ ನಿಮಿತ್ತ ಕಾಳಗಿ ವರ್ಗಾವಣೆ ಬೇಡವೆನ್ನುವ ಬಗ್ಗೆ

ಇಂದ,
ಅರುಣಕುಮಾರ ಚಂದ್ರಾಮಪ್ಪ,
ಪ್ರಥಮ ದರ್ಜೆ ಸಹಾಯಕ, ಸೇಡಂ.

ಗೆ,
ಮಾನ್ಯ ಕಚೇರಿ ಮುಖ್ಯಸ್ಥರು,
ಸೇಡಂ.

ವಿಷಯ: ನಾನೇ ಬೇಡಿ ಪಡೆದ ಕಾಳಗಿ ವರ್ಗಾವಣೆಯನ್ನು ರದ್ದುಪಡಿಸುವ ಕುರಿತು.

ಉಲ್ಲೇಖ:
೧) ತಾಯಿಯವರಿಗೆ ಸೇಡಂ ಒಗ್ಗುತ್ತಿಲ್ಲವೆಂದು ಕಳೆದ ದೀಪಾವಳಿಯ ಸುಮಾರಿಗೆ ನಾನು ಸಲ್ಲಿಸಿದ ಅರ್ಜಿ.
೨) ಸದರಿ ಅರ್ಜಿಯನ್ನು ಮನ್ನಿಸಿ ತಾವು ಹೊರಡಿಸಿದ ಆದೇಶ.
೩) "ಮನೆಯಲ್ಲಿ ಹೆರಿಗೆ ಇರುವ ಕಾರಣ ಆದೇಶ ತಡೆಹಿಡಿಯಬೇಕು" ಎಂಬ ನನ್ನ ಮನವಿಯ ಮೇಲೆ "ಯಾರ ಹೆರಿಗೆ? ವಿವರಿಸಿ" ಎಂದು ತಾವು ಬರೆದ ಷರಾ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೆ ಸ್ಪಷ್ಟಪಡಿಸುವುದೇನೆಂದರೆ, ಹೆರಿಗೆ ನನ್ನ ಹೆಂಡತಿಯದಲ್ಲ. ನಮಗೆ ಕಲಬುರಗಿಯಲ್ಲಿ ಪದವಿ ಓದುವಷ್ಟು ದೊಡ್ಡ ಮಗಳಿದ್ದಾಳೆ. ನಮ್ಮ ಕಚೇರಿಯ ಸಿಬ್ಬಂದಿ ಶಾಖೆಯ ಖಂಡಪ್ಪನವರು ನನ್ನ ಮನವಿಯನ್ನು ಓದಿದ ಕೂಡಲೇ ಎಲ್ಲರಿಗೂ ಪೇಢೆ ಹಂಚಿದ್ದು, ಆ ಸುದ್ದಿ ಮನೆಗೆ ಮುಟ್ಟಿ ನನ್ನ ಹೆಂಡತಿ ಜಗದೇವಿ ನನ್ನೊಡನೆ ಮಾತು ಬಿಟ್ಟಿರುತ್ತಾಳೆ. ಕಾರಣ, ನಡೆದದ್ದನ್ನು ನಡೆದಂತೆಯೇ ತಮ್ಮ ಗಮನಕ್ಕೆ ತರುವುದು ಅನಿವಾರ್ಯವಾಗಿದೆ.

೧. ನನ್ನ ತಂದೆಯವರು ತೀರಿಕೊಂಡ ಮೇಲೆ ತಾಯಿ ಭೀಮಬಾಯಿಯವರನ್ನು ಕಾಳಗಿಗೆ ಹತ್ತಿರದ ನಮ್ಮೂರು ತೆಂಗಳಿಯಿಂದ ಸೇಡಂಗೆ ಕರೆತಂದೆನು. ಬರುವ ಮುನ್ನ ಅವರ ಎಮ್ಮೆಗಳನ್ನು ಚಿಕ್ಕಪ್ಪನ ಮನೆಗೆ ಒಪ್ಪಿಸಿ ಬಂದೆವು. ಮದುವೆಯಾಗಿ ಬಂದಂದಿನಿಂದ ಹುಲ್ಲು, ಹಿಂಡಿ, ಹಾಲು ಎಂದೇ ಬದುಕಿದವರು ಇಲ್ಲಿ ಕೆಲಸವಿಲ್ಲದೆ ಕೂತರು. ಸೊಸೆ ಕಾಳಜಿಯಿಂದ ಒಂದು ಪಾತ್ರೆಯನ್ನೂ ತೊಳೆಯಗೊಡಲಿಲ್ಲ. ಆ ಕಾಳಜಿಯೇ ಮುಳುವಾಯಿತು. ಅತ್ತೆ ಸೊಸೆಗೆ ಜಗಳವಿರಲಿಲ್ಲ. ಊಟಕ್ಕೆ ಕರೆಯುವುದು, ಬಂದೆ ಅನ್ನುವುದು, ಅದರಾಚೆ ಮಾತೂ ಇರಲಿಲ್ಲ. ತಾಯಿಯವರು ಹಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಆದ್ದರಿಂದ ಉಲ್ಲೇಖ (೧)ರ ಅರ್ಜಿ.

೨. ಆದೇಶ ಬರುವವರೆಗೆ ಮನೆಯಲ್ಲೊಂದು ಜೀವದ ಓಡಾಟ ಇರಲೆಂದು ವಾಡಿಯಿಂದ ಒಂದು ಗಾಜಿನ ಮೀನಿನ ತೊಟ್ಟಿ ತಂದೆನು. ಅಂಗಡಿಯವರು, ಮೊದಲು ನೀರು ತುಂಬಿ ಕೆಲವು ವಾರ ಗಾಳಿಯ ಯಂತ್ರ ಓಡಿಸಿರಿ, ಆಮೇಲೆ ಮೀನು ಒಯ್ಯಿರಿ ಎಂದಿದ್ದರು. ಮತ್ತೊಮ್ಮೆ ಯಾರು ಬರುತ್ತಾರೆಂದು ಅಂದೇ ಗೋಲ್ಡ್ ಫಿಶ್‌ಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ರೈಲು ಹತ್ತಿದೆನು. ತಾಯಿಯವರು ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿ, "ಕಟ್ಟಿ ಮೇಯಿಸೂದಿಲ್ಲ, ಹಿಂಡೂದಿಲ್ಲ. ಇದೇನು ಸಾಕಾಣಿಕಿ ಅರುಣಾ?" ಎಂದು ಹೋಗಿ ಮಲಗಿದರು.

೩. ಆದರೆ ಮರುದಿನವೇ ಅವರು ಗೋಡೆಗೆ ಬೆನ್ನು ಮಾಡಿ, ತೊಟ್ಟಿಗೆ ಮುಖ ಮಾಡಿ ಮಲಗಿದ್ದನ್ನು ನಾನು ಕಂಡೆನು. ಮೀನುಗಳು ಗಾಜಿನ ಹತ್ತಿರ ಬಂದು ಬಾಯಿ ತೆರೆಯುತ್ತಿದ್ದವು. ಹಸಿದ ದನ ಕಂಡೂ ಸುಮ್ಮನಿರುವುದು ಅವರ ಜಾಯಮಾನವಲ್ಲ. ಜೋಳದ ರೊಟ್ಟಿಯನ್ನು ಪುಡಿ ಮಾಡಿ ಹಾಕಿದರು. ತಿಂದವೆಂದು ಮತ್ತೆ ಹಾಕಿದರು. ಕೆಲವೇ ದಿನಗಳಲ್ಲಿ ನೀರು ಮಜ್ಜಿಗೆಯಂತಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ನೀರು ಹೊಲಸಾಗಿದೆಯೆಂದು ಜಗದೇವಿ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಸಾಬೂನು ಹಚ್ಚಿ ತಿಕ್ಕಿ, ನಳದ ಹೊಸ ನೀರು ತುಂಬಿದಳು. ಅಂದು ಸಂಜೆಯೊಳಗೆ ಮೀನುಗಳೆಲ್ಲ ಸತ್ತವು.

೪. ಈ ಅಂಶವನ್ನು ಬರೆಯುವುದು ಕಷ್ಟವಿದ್ದರೂ ಬರೆಯತಕ್ಕದ್ದಾಗಿದೆ. ಅಂದು ತಾಯಿಯವರು ಊಟ ಮಾಡಲಿಲ್ಲ. ಅಂಗಳದ ಕರಿಬೇವಿನ ಗಿಡದ ಬುಡದಲ್ಲಿ ತಾವೇ ಕುಣಿ ತೋಡಿ ಮೀನುಗಳನ್ನು ಮುಚ್ಚಿ, ಅಲ್ಲೇ ಕೂತು, "ನನ್ನ ಕೈಯಾಗ ಒಂದು ದನಾನೂ ಹಿಂಗ ಸತ್ತಿದ್ದಿಲ್ಲ" ಎಂದರು. ಜಗದೇವಿ ಅವರ ಪಕ್ಕದಲ್ಲಿ ಕೂತಳು.

"ನೀರು ಚೆಲ್ಲಿದಾಕಿ ನಾನು ಅತ್ತಿ. ತಪ್ಪು ನಿಮ್ಮ ಕೈದಲ್ಲ."

"ರೊಟ್ಟಿ ಹಾಕಿದಾಕಿ ನಾನಲ್ಲೇನು?"

"ಇಬ್ಬರೂ ಕೂಡೇ ಕೊಂದೀವಿ ಅನ್ರಿ ಹಂಗಾದ್ರ."

ತಾಯಿಯವರು ಸೊಸೆಯ ಮುಖ ನೋಡಿದರು. ಆಮೇಲೆ ಸಣ್ಣಗೆ ನಕ್ಕರು. ತೆಂಗಳಿ ಬಿಟ್ಟ ಮೇಲೆ ಅವರು ನಕ್ಕದ್ದು ಅದೇ ಮೊದಲು. ಕತ್ತಲಾಗುವತನಕ ಇಬ್ಬರೂ ಗಿಡದ ಬುಡದಲ್ಲಿ ಕೂತು ಅದೇನೋ ಮಾತಾಡಿದರು. ಅಡುಗೆ ನಾನು ಮಾಡಿದೆನು.

೫. ಮರುದಿನ ಇಬ್ಬರೂ ಕೂಡಿ ಪಕ್ಕದ ಮನೆಯ ಕಮರುನ್ನೀಸಾ ಅವರಲ್ಲಿಗೆ ಹೋದರು. ಅವರು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವರು. ಬಹಳ ವರ್ಷಗಳಿಂದ ಮೀನು ಸಾಕಿದವರು. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ, ಆ ವಿಷವನ್ನು ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ತೊಟ್ಟಿಯ ನೀರು ಸೋಸುವ ಸ್ಪಂಜಿನಲ್ಲಿ ನಿಧಾನವಾಗಿ ಬೆಳೆಯಬೇಕು, ತಿಕ್ಕಿ ತೊಳೆದರೆ ಅವೂ ಹೋಗುತ್ತವೆ, ನಳದ ನೀರಿನ ಬ್ಲೀಚಿಂಗ್ ಪುಡಿ ಅವನ್ನೂ ಮೀನನ್ನೂ ಕೊಲ್ಲುತ್ತದೆ ಎಂದು ಅವರು ವಿವರಿಸಿದರು. ಜಗದೇವಿ ತಲೆಯಾಡಿಸಿದಳು, ತಾಯಿಯವರಿಗೆ ತಿಳಿಯಲಿಲ್ಲ. ಆಗ ಕಮರುನ್ನೀಸಾ ತಮ್ಮ ಹಳೆಯ ತೊಟ್ಟಿಯ ಸ್ಪಂಜನ್ನು ತಂದು ನಮ್ಮ ತೊಟ್ಟಿಯಲ್ಲಿ ಹಿಂಡಿದರು. ಕಂದು ಬಣ್ಣದ ನೀರು ಇಳಿದದ್ದನ್ನು ಕಂಡ ಕೂಡಲೇ ತಾಯಿಯವರು, "ಹೆಪ್ಪು ಹಾಕ್ಲಿಕತ್ತೀರಿ ಅನ್ರಿ! ಹೆಪ್ಪಿಲ್ಲದ ಮೊಸರು ಹ್ಯಾಂಗ ಆದೀತು? ಇದನ್ನ ಮೊದಲೇ ಹೇಳಿದ್ರ ತಿಳೀತಿತ್ತಲ್ಲ" ಎಂದರು. ಕಮರುನ್ನೀಸಾ ಅವರು ಈಗ ತಮ್ಮ ತರಗತಿಯಲ್ಲೂ ಹೆಪ್ಪು ಎಂದೇ ಕಲಿಸುತ್ತಿದ್ದಾರೆಂದು ತಿಳಿದುಬಂದಿದೆ.

೬. ಹೆಪ್ಪು ಕೂಡುವತನಕ ಕಾದು, ನಮ್ಮ ಕಲ್ಲುನೆಲದ ಗಡಸು ನೀರಿಗೆ ಒಗ್ಗುವ ಮೋಲಿ ಮೀನುಗಳನ್ನು ಕಮರುನ್ನೀಸಾ ಅವರೇ ಕೊಟ್ಟರು. ಅಂದಿನಿಂದ ಮನೆಯ ಆಡಳಿತ ಬದಲಾಗಿದೆ. ನಳದ ನೀರು ಬಕೆಟ್ಟಿನಲ್ಲಿ ಒಂದು ದಿನ ನಿಂತೇ ತೊಟ್ಟಿಗೆ ಹೋಗತಕ್ಕದ್ದು. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸತಕ್ಕದ್ದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲುಬತಕ್ಕದ್ದು. ಮೀನಿನ ಕಾಳು ಚಿಟಿಕೆಯಷ್ಟೇ, ವಾರಕ್ಕೊಂದು ದಿನ ಉಪವಾಸ. ಆ ದಿನ ತಾಯಿಯವರದೂ ಉಪವಾಸವಾದ್ದರಿಂದ ಮರೆಯುವ ಪ್ರಶ್ನೆಯಿಲ್ಲ. ಕರೆಂಟು ಹೋಗಿ ಗಾಳಿಯ ಯಂತ್ರ ನಿಂತರೆ ಅವರು ಚೆರಿಗೆಯಿಂದ ತೊಟ್ಟಿಯ ನೀರನ್ನೇ ಮೊಗೆದು ಮೇಲಿಂದ ಸುರಿಯುತ್ತಾರೆ. ಒಮ್ಮೆ ಒಂದು ಮೀನಿನ ಮೈಮೇಲೆ ರವೆಯಂತೆ ಬಿಳಿ ಚುಕ್ಕೆ ಎದ್ದವು. ಮೊದಲು ಕಂಡವರು ತಾಯಿಯವರು. ಅದು ಕಲ್ಲಿಗೆ ಮೈ ಉಜ್ಜುತ್ತಿದೆ, ದನಕ್ಕೆ ಉಣ್ಣೆಹುಳ ಹತ್ತಿದರೂ ಹೀಗೆಯೇ ಎಂದರು. ಜಗದೇವಿ ಮೊಬೈಲಿನಲ್ಲಿ ಓದಿ ಅದು ಯಾವ ರೋಗವೆಂದು ಹೇಳಿದಳು, ಕಮರುನ್ನೀಸಾ ಉಪ್ಪಿನ ಪ್ರಮಾಣ ಹೇಳಿದರು. ಮೀನು ಉಳಿಯಿತು.

೭. ಹೀಗಿರುವಾಗ ಉಲ್ಲೇಖ (೨)ರ ಆದೇಶ ಬಂದಿತು. ಕಾಳಗಿಯಿಂದ ತೆಂಗಳಿ ಹತ್ತಿರವಾದ್ದರಿಂದ ತಾಯಿಯವರು ಕುಣಿದಾಡುವರೆಂದು ನಾನು ಹೂವು ತೆಗೆದುಕೊಂಡು ಮನೆಗೆ ಹೋದೆನು. ಅವರು ತೊಟ್ಟಿಯ ಮುಂದೆ ಕೂತಿದ್ದರು. ಕಪ್ಪು ಮೋಲಿಯ ಹೊಟ್ಟೆ ದಪ್ಪವಾಗಿತ್ತು.

"ಬಸುರೀನ ಬಸ್ಸಿನ್ಯಾಗ ಕುಲುಕಾಡಿಸಿ ಒಯ್ಯತೀಯೇನು?" ಎಂದರು.

ಈ ಮೀನು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆಂದೂ, ಸಾಗಿಸಿದರೆ ದಿನ ತುಂಬುವ ಮೊದಲೇ ಹಾಕಬಹುದೆಂದೂ, ಹಾಕಿದ ಮೇಲೆ ಕಾಯದಿದ್ದರೆ ತಾಯಿಮೀನೇ ಮರಿಗಳನ್ನು ತಿನ್ನುತ್ತದೆಂದೂ ಜಗದೇವಿ ಸೇರಿಸಿದಳು. ಈ ವರ್ಗಾವಣೆ ತಾಯಿಯವರಿಗಾಗಿಯೇ ತಂದದ್ದೆಂದು ನಾನು ನೆನಪಿಸಿದೆನು. ಹೆರಿಗೆಯಾದ ಮೇಲಾದರೂ ಹೋಗೋಣವೆ, ತೆಂಗಳಿ ಬೇಡವೆ ಎಂದು ಕೇಳಿದೆನು. ಅವರು ತೊಟ್ಟಿಯಿಂದ ಕಣ್ಣು ತೆಗೆಯದೆಯೇ ಹೇಳಿದರು:

"ತೆಂಗಳಿಗೆ ಹಬ್ಬಕ್ಕ ಹೋಗಿ ಬರಮು. ಅಲ್ಲಿ ನಿಮ್ಮಪ್ಪ ಇಲ್ಲ, ದನಾನೂ ಈಗ ನನ್ನವಲ್ಲ. ಇಲ್ಲಿ ಇಕಿ ಒಬ್ಬಾಕೀಗೆ ಇದೆಲ್ಲ ಆಗ್ತದೇನು? ನಾ ಬೇಕಾಗ್ತೀನಿ."

ಜಗದೇವಿ ಹೌದೆಂದು ತಲೆಯಾಡಿಸಿದಳು. ನಾನು ಮರುದಿನವೇ ಉಲ್ಲೇಖ (೩)ರ ಮನವಿ ಸಲ್ಲಿಸಿದೆನು.

೮. ಖಂಡಪ್ಪನವರಿಗೆ ಸತ್ಯಾಂಶ ತಿಳಿಸಲಾಗಿ, ಅವರ ಸ್ವಂತ ಊರು ಕಾಳಗಿಯ ಪಕ್ಕದಲ್ಲೇ ಇರುವ ಕಾರಣ ನನ್ನ ಬದಲಿಗೆ ತಾವು ಹೋಗಲು ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ. ಜಗದೇವಿಗೆ ಫೋನು ಮಾಡಿ ಕ್ಷಮೆಯನ್ನೂ ಕೇಳಿದ್ದಾರೆ. ಅವಳು ಅವರನ್ನು ಕ್ಷಮಿಸಿದ್ದಾಳೆ. ನನ್ನ ವಿಷಯ ಪರಿಶೀಲನೆಯಲ್ಲಿದೆ.

ಆದ್ದರಿಂದ, ಈ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಗಣಿಸಿ, ನನ್ನನ್ನು ಸೇಡಂನಲ್ಲೇ ಮುಂದುವರಿಸಿ, ಖಂಡಪ್ಪನವರನ್ನು ಕಾಳಗಿಗೆ ಕಳಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ಮನೆಯಲ್ಲಿ ಬಕೆಟ್ ಹೊರುವ ಕೆಲಸಕ್ಕೆ ನಿಯೋಜಿತನಾದ,
ಅರುಣಕುಮಾರ

ಅಡಕಗಳು:
೧) ಖಂಡಪ್ಪನವರ ಒಪ್ಪಿಗೆ ಪತ್ರ.
೨) ಗರ್ಭ ದೃಢಪಡಿಸಿ ಕಮರುನ್ನೀಸಾ ಅವರು ನೀಡಿದ ಹೇಳಿಕೆ.
೩) ಸದರಿ ಕಪ್ಪು ಮೋಲಿಯ ಭಾವಚಿತ್ರ (ಎಡಮಗ್ಗುಲು).

ಮರುಟಿಪ್ಪಣಿ: ಈ ಅರ್ಜಿ ಬರೆಯುತ್ತಿರುವಾಗಲೇ ಹೆರಿಗೆಯಾಗಿದೆ. ಮರಿಗಳು ಬೇರೆ ಡಬ್ಬಿಯಲ್ಲಿ ಕ್ಷೇಮ. ಅವುಗಳಲ್ಲಿ ಕೆಲವನ್ನು ಸಾಹೇಬರಿಗೇ ಕೊಡಬೇಕೆಂದು ತಾಯಿಯವರ ಇಚ್ಛೆ. ಆದರೆ ಕೊಡುವ ಮುನ್ನ ಅವರು ಸಾಹೇಬರ ಮನೆಯನ್ನು ಖುದ್ದಾಗಿ ತಪಾಸಣೆ ಮಾಡಲಿದ್ದಾರೆ. ಕಾರಣ, ತಾವು ಸಹಕುಟುಂಬ ಹಾಜರಿರುವ ಒಂದು ಭಾನುವಾರವನ್ನು ಸೂಚಿಸಬೇಕಾಗಿ ವಿನಂತಿ.