ಮೂವತ್ತೊಂದು ಉಂಡೆ ಕೊಳೆ

ನಮ್ಮ ಮನೆಯಲ್ಲಿ ಕೆಲಸವನ್ನು ಸರಿಯಾಗಿ ಮಾಡಲು ಬರುವವನು ನಾನೊಬ್ಬನೇ. ಇದನ್ನು ಗಟ್ಟಿಯಾಗಿ ಯಾರಿಗೂ ಹೇಳಿಲ್ಲ. ನನಗೆ ಮಾತು ಕಡಿಮೆ. ಹೇಳಿದ್ದರೂ, ಶಾಲೆಯನ್ನು ಅರ್ಧಕ್ಕೇ ಬಿಟ್ಟವನ ಮಾತಿಗೆ ಕಿವಿಗೊಡುವವರು ಯಾರು? ಅಕ್ಕ ನನಗಿಟ್ಟ ಹೆಸರೇ ‘ಅರೆಬೆಂದದ್ದು’. ಒಂದು ಕೆಲಸವನ್ನು ಪೂರ್ತಿ ಮುಗಿಸಿ ಇವರೆಲ್ಲರ ಬಾಯಿ ಮುಚ್ಚಿಸಲೇಬೇಕೆಂದು ಸಂಕಲ್ಪ ಮಾಡಿದೆ. ಮೊದಲು ಹಿತ್ತಲಿನ ಅಲ್ಯೂಮಿನಿಯಂ ದೋಣಿ. ಅದಾದ ಮೇಲೆ ಅಜ್ಜಿಯ ಕೋಣೆ. ಅಲ್ಲಿ ಅರ್ಧ ಶತಮಾನದ ಧೂಳು ನನ್ನ ದಾರಿ ಕಾಯುತ್ತಿತ್ತು.

ದೋಣಿ ತಾತನದು. ತಾತ ಹೋದ ಮೇಲೆ ಅದು ಬೋರಲು ಬಿದ್ದು ಬೆಕ್ಕಿಗೆ ಹೆರಿಗೆ ಆಸ್ಪತ್ರೆಯಾಗಿತ್ತು. ಅಪ್ಪ ಅದನ್ನು ಗುಜರಿಯವನಿಗೆ ಒಪ್ಪಿಸಲು ಹೊರಟಾಗ ನಾನು ಬಾಯಿಬಿಟ್ಟೆ.

“ನಾನು ಸರಿ ಮಾಡ್ತೀನಿ.”

“ಏನಂದೆ? ಕೇಳಿಸ್ಲಿಲ್ಲ.”

ಇನ್ನೊಮ್ಮೆ ಹೇಳಿದೆ.

“ಆಯ್ತು. ಬರೋ ಭಾನುವಾರ ನೀರಿಗೆ ಬಿಡೋಣ. ತೇಲಿದ್ರೆ ದೋಣಿ ನಿಂದು. ಇಲ್ಲಾಂದ್ರೆ ಗುಜರಿಯವನದು.”

“ಅಷ್ಟರಲ್ಲಿ ಇವನು ಪಟ್ಟಿ ಬರೆದು ಮುಗಿಸಿರ್ತಾನೆ, ಅಷ್ಟೇ,” ಎಂದಳು ಅಕ್ಕ.

ಪಟ್ಟಿ ಬರೆದದ್ದು ನಿಜ. ಇಪ್ಪತ್ತಾರು ಹಂತಗಳಿದ್ದವು. ಹಲ್ಲುಜ್ಜುವ ಬ್ರಶ್ ಹಿಡಿದು, ದೋಣಿಯ ತಗಡುಗಳನ್ನು ಜೋಡಿಸಿದ್ದ ನಾನೂರ ಹನ್ನೆರಡು ರಿವೆಟ್‌ಗಳನ್ನು ಒಂದೊಂದಾಗಿ ತಿಕ್ಕಿದೆ. ನನ್ನ ಹಲ್ಲುಗಳಿಗೂ ಅಂಥ ಮರ್ಯಾದೆ ಎಂದೂ ಸಿಕ್ಕಿಲ್ಲ. ಮೂರನೆಯ ದಿನ ದೋಣಿಯ ಒಳತಳಕ್ಕೆ ಕೈ ಹಾಕಿದರೆ ಅಲ್ಲಲ್ಲಿ ಕರೀ ಉಂಡೆಗಳು ಮೆತ್ತಿಕೊಂಡಿದ್ದವು. ಕಾಗೆ ಹಿಕ್ಕೆ ಹಾಕಿದರೂ ಇದಕ್ಕಿಂತ ಒಪ್ಪವಾಗಿ ಹಾಕುತ್ತದೆ. ಉಳಿ ತೆಗೆದುಕೊಂಡು ಕೆರೆಯಲು ಕೂತೆ.

“ಏನೋ ಅದು ಕೆರೀತಿರೋದು?” ಅಜ್ಜಿ ಹಿತ್ತಲ ಬಾಗಿಲಿಂದ ಕೇಳಿದರು.

“ಕೊಳೆ, ಅಜ್ಜಿ.”

“ಅದು ನಿಮ್ಮ ತಾತ ಹಚ್ಚಿದ್ದು ಕಣೋ.”

“ನೋಡಿದ್ರೇ ಗೊತ್ತಾಗುತ್ತೆ.”

“ಸುಮ್ಸುಮ್ನೆ ಹಚ್ಚೋರಲ್ಲ ಅವರು.”

ನಾನು ಒಳಗೊಳಗೇ ನಕ್ಕೆ. ತಾತ ಮಾಡಿದ ಕುರ್ಚಿಯ ಮೇಲೆ ಕೂತವರು ಇಂದಿಗೂ ಬಾಗಿಲ ಕಡೆಗೆ ಜಾರುತ್ತಾರೆ. ಅಂಥವರ ಕೈಕೆಲಸಕ್ಕೆ ಗೌರವ ಕೊಡುವುದೆಂದರೆ ಕೆಲಸಕ್ಕೇ ಅವಮಾನ. ಮೂವತ್ತೊಂದು ಉಂಡೆಗಳನ್ನೂ ಬುಡಸಮೇತ ಎಬ್ಬಿಸಿ, ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ, ‘ತಾತನ ಕೊಳೆ, 31 ಉಂಡೆ’ ಎಂದು ಚೀಟಿ ಅಂಟಿಸಿದೆ. ಯಾವ ಉಂಡೆ ಯಾವ ರಿವೆಟ್ಟಿನ ಮೇಲಿತ್ತು ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮುಂದೆ ಯಾರಾದರೂ ತಾತನನ್ನು ಹೊಗಳಿದರೆ ಸಾಕ್ಷಿ ಬೇಕಲ್ಲ.

ಆಮೇಲೆ ಒಂದು ಕೈ ಪ್ರೈಮರ್, ಎರಡು ಕೈ ನೀಲಿ ಬಣ್ಣ. ಬ್ರಶ್ಶಿನ ಒಂದು ಕೂದಲೂ ಅಂಟಿಕೊಂಡಿರಲಿಲ್ಲ. ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಏನೂ ಅನ್ನದೆ ಒಳಗೆ ಹೋದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಭಾನುವಾರ ಇಡೀ ಸಂಸಾರ ಕೆರೆಯ ದಡದಲ್ಲಿತ್ತು. ಡಬ್ಬ, ನೋಟ್‌ಬುಕ್ ತುಂಬಿದ್ದ ನನ್ನ ಸಾಕ್ಷಿಯ ಚೀಲ ಅಕ್ಕನ ಕೈಯಲ್ಲಿತ್ತು. ಗುಜರಿಯವನೂ ತಳ್ಳುಗಾಡಿ ಸಮೇತ ಬಂದಿದ್ದ. ನನ್ನ ಮೇಲೆ ಅಪ್ಪನಿಗೆ ಅಷ್ಟು ನಂಬಿಕೆ. ಗಾಳ ಹಾಕಿ ಕೂತಿದ್ದ ಏಳೆಂಟು ಜನ ನಮ್ಮ ಕಡೆ ತಿರುಗಿದರು. ದೋಣಿಯನ್ನು ನೀರಿಗೆ ತಳ್ಳಿದೆವು.

“ತೇಲ್ತು,” ಎಂದಳು ಅಕ್ಕ, ಯಾರೋ ತೀರಿಕೊಂಡ ಸುದ್ದಿ ಹೇಳುವಂತೆ.

ನಾನೂ ಅಪ್ಪನೂ ಹತ್ತಿದೆವು. ಅಪ್ಪ ಇಪ್ಪತ್ತು ಸಲ ಹುಟ್ಟು ಹಾಕಿರಬಹುದು. ನನ್ನ ಪಾದ ತಣ್ಣಗಾಯಿತು. ಬಗ್ಗಿ ನೋಡಿದರೆ ಒಂದು ರಿವೆಟ್ಟಿನ ಪಕ್ಕ ಬಣ್ಣ ಗುಳ್ಳೆಯೆದ್ದು ಒಡೆದು, ನೂಲಿನಂತೆ ನೀರು ಚಿಮ್ಮುತ್ತಿತ್ತು. ಅದರಾಚೆ ಇನ್ನೊಂದು, ಮತ್ತೊಂದು. ಅಭ್ಯಾಸಬಲದಿಂದ ಎಣಿಸಿದೆ. ಲೆಕ್ಕ ಬಂದು ನಿಂತದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಸಂಖ್ಯೆಯಲ್ಲೇ.

ಕೂಗೋಣವೆಂದರೆ ದಡದ ತುಂಬ ಜನ.

“ಅಪ್ಪ,” ಎಂದೆ ಮೆಲ್ಲಗೆ, “ಸ್ವಲ್ಪ ಒದ್ದೆ.”

“ದೋಣಿ ಅಂದ್ಮೇಲೆ ಒದ್ದೆ ಇರಲ್ವೇನೋ?”

“ಮೂವತ್ತೊಂದು ಕಡೆ, ಅಪ್ಪ.”

ದಡಕ್ಕೆ ನಾವು ಬಂದದ್ದು ಸೊಂಟದವರೆಗಿನ ನೀರಿನಲ್ಲಿ, ದೋಣಿಯನ್ನು ಎಮ್ಮೆಯಂತೆ ಎಳೆದುಕೊಂಡು. ಗುಜರಿಯವನು ಅದರ ಬೆನ್ನು ತಟ್ಟಿ, “ಬಣ್ಣ ಮಾತ್ರ ಬಹಳ ಚೆನ್ನಾಗಿದೆ. ಕರಗಿಸೋಕೆ ಮನಸ್ಸೇ ಬರಲ್ಲ,” ಎನ್ನುತ್ತಾ ತಳ್ಳುಗಾಡಿಯ ಹಗ್ಗ ಬಿಚ್ಚತೊಡಗಿದ.

“ನಿಲ್ಲಪ್ಪ,” ಎಂದರು ಅಜ್ಜಿ. “ಲೋ, ಎಲ್ಲಿ ನಿನ್ನ ಕೊಳೆ?”

ಅಕ್ಕ ಚೀಲದಿಂದ ಡಬ್ಬ ತೆಗೆದು, ಚೀಟಿಯನ್ನು ಗಾಳದವರಿಗೂ ಕೇಳಿಸುವಂತೆ ಓದಿದಳು.

“ಡಾಂಬರು ಕಣೋ ಇದು,” ಎಂದರು ಅಜ್ಜಿ. “ಒಂದೊಂದು ರಿವೆಟ್ ಸಡಿಲ ಆದಾಗ್ಲೂ ಒಂದೊಂದು ಉಂಡೆ ಕಾಯಿಸಿ ಹಚ್ಚಿದ್ರು. ಹತ್ತೊಂಬತ್ತು ವರ್ಷ ಈ ದೋಣೀನ ತೇಲಿಸಿದ್ದು ನಿನ್ನ ಕೊಳೆಯೇ.”

ಮೂರು ಕಲ್ಲು ಹೂಡಿ, ಕಡ್ಡಿ ಒಟ್ಟಿ, ಡಬ್ಬವನ್ನೇ ಒಲೆಗೇರಿಸಿದರು. ದೋಣಿ ಬಿಸಿಲಿಗೆ ಒಣಗಿದ ಮೇಲೆ ನಾನು ನೋಟ್‌ಬುಕ್ ಓದುತ್ತಾ ಹೋದೆ. ಅಜ್ಜಿ ಕಡ್ಡಿಯಿಂದ ಮೆತ್ತುತ್ತಾ ಹೋದರು. ನನ್ನ ಕನ್ನಡಿಯಂಥ ನೀಲಿಯ ಮೇಲೆ ಮೂವತ್ತೊಂದು ಕರೀ ನರಹುಲಿಗಳು ಎದ್ದವು. ಸಂಜೆ ದೋಣಿ ತೇಲಿತು. ಒಂದು ಹನಿಯೂ ಒಳಗೆ ಬರಲಿಲ್ಲ. ಗುಜರಿಯವನು ಖಾಲಿ ಗಾಡಿ ತಳ್ಳಿಕೊಂಡು ಹೋದ.

“ತೇಲಿತಲ್ಲ, ಅಪ್ಪ,” ಎಂದೆ.

“ತೇಲ್ತು. ತೇಲಿಸಿದವರದೇ ದೋಣಿ,” ಎಂದು ಅಪ್ಪ ಹುಟ್ಟನ್ನು ಅಜ್ಜಿಯ ಕೈಗೆ ಕೊಟ್ಟರು.

ಮರುದಿನ ಬೆಳಗ್ಗೆ, ಹೋದ ಮಾನವನ್ನು ಸ್ವಲ್ಪವಾದರೂ ಗಳಿಸೋಣವೆಂದು ಪೊರಕೆ, ಬಕೆಟ್ಟು, ಹೊಸ ಪಟ್ಟಿ ಹಿಡಿದು ಅಜ್ಜಿಯ ಕೋಣೆಗೆ ಹೋದೆ. ಅಜ್ಜಿ ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ಅಡ್ಡ ನಿಂತರು.

“ಬೇಡ ಕಣಪ್ಪ. ಈ ಗೋಡೆಗಳು ಯಾವ ಕೊಳೆಯ ಮೇಲೆ ನಿಂತಿವೆಯೋ ನನಗೂ ಗೊತ್ತಿಲ್ಲ.”