ಬಸಲಿಂಗಪ್ಪನವರ ಅನುಮತಿ ಪೆಟ್ಟಿಗೆ

ಗದಗಿನ ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬು ನೋಡಿಕೊಂಡು ನಿವೃತ್ತರಾದ ಬಸಲಿಂಗಪ್ಪನವರು, ತಾವೇ ಕಟ್ಟಿದ ತಗಡಿನ ಪೆಟ್ಟಿಗೆಯೊಂದನ್ನು ಕಂಪ್ಯೂಟರಿಗೆ ಜೋಡಿಸಿ, ಹೆಂಡತಿ ಶಂಕ್ರವ್ವನನ್ನು ಅಡುಗೆಮನೆಯಿಂದ ಕರೆದು ಕುರ್ಚಿಯಲ್ಲಿ ಕೂರಿಸಿದರು.

ಜಗಳ ಒಂದು ವಾರದ್ದು. ತಂಗಿಯ ಮಗಳ ಮದುವೆಯ ಫೋಟೋಗಳೆಲ್ಲ ಕ್ಯಾಮೆರಾದೊಳಗಿದ್ದವು. ಅವರ ಲಿನಕ್ಸ್ ಕಂಪ್ಯೂಟರ್ ಕ್ಯಾಮೆರಾವನ್ನು ಯಜಮಾನರ ಖಾತೆಗೆ ಮಾತ್ರ ತೆರೆಯುತ್ತಿತ್ತು. ಶಂಕ್ರವ್ವ ತನ್ನ ಖಾತೆಯಿಂದ ಯುಎಸ್‌ಬಿ ತಂತಿ ಚುಚ್ಚಿದಾಗಲೆಲ್ಲ ‘ನಿಮಗೆ ಅನುಮತಿ ಇಲ್ಲ’ ಎನ್ನುತ್ತಿತ್ತು.

“ಮೂವತ್ತೆಂಟು ವರ್ಷ ಈ ಮನ್ಯಾಗ ರೊಟ್ಟಿ ಬಡದೀನಿ. ನನಗ ಅನುಮತಿ ಇಲ್ಲೇನ್ರಿ?” ಎಂದು ಕೇಳಿ ಆಕೆ ಗಂಡನ ಜೊತೆ ಮಾತು ಬಿಟ್ಟಿದ್ದಳು.

ಒಂದು ಸಾಲು ಬರೆದು ಆಕೆಯ ಹೆಸರನ್ನು ಕ್ಯಾಮೆರಾ ಗುಂಪಿಗೆ ಸೇರಿಸಿದ್ದರೆ ಮುಗಿಯುತ್ತಿತ್ತು. ಅಷ್ಟು ಸುಲಭದ ಕೆಲಸ ಬಸಲಿಂಗಪ್ಪನವರ ಜಾಯಮಾನಕ್ಕೆ ಒಗ್ಗದು. ಮನೆಯವರು ಯಾರೆಂದು ಮಾತುಕತೆ ಕೇಳಿಸಿಕೊಂಡು ತಾನೇ ತಿಳಿದು ಅನುಮತಿ ಕೊಡುವ ಪೆಟ್ಟಿಗೆ ಕಟ್ಟಿದರು. ಶಂಕ್ರವ್ವ, ಮತ್ತು ಆಕೆ ಯಾರನ್ನು ‘ಊಟ ಆತೇನು’ ಎಂದು ವಿಚಾರಿಸುತ್ತಾಳೋ ಅವರು, ಮನೆಯವರು ಎಂದು ಅದಕ್ಕೆ ಕಲಿಸಿ, ಮೂರು ದಿನ ಓಣಿಯ ಕಡೆಯ ಕಿಟಕಿಯಲ್ಲಿಟ್ಟಿದ್ದರು.

ಶಂಕ್ರವ್ವ ತಂತಿ ಚುಚ್ಚಿದಳು. ಬಾಸಿಂಗ ಕಟ್ಟಿದ ಮದುಮಗಳು ಪರದೆ ತುಂಬ ನಕ್ಕಳು. ಅಷ್ಟರಲ್ಲಿ ಪಕ್ಕದ ಮನೆಯ ಫಕೀರವ್ವ ಬಾಗಿಲಿಗೆ ಬಂದು, ಮದುವೆ ತಮ್ಮ ಟಿವಿಯಲ್ಲೂ ಬರುತ್ತಿದೆ ಎಂದಳು. ಹಾಲಿನವನ ಮೊಬೈಲಿನಲ್ಲೂ ಅದೇ. ಹಿಟ್ಟಿನ ಗಿರಣಿಯ ತೂಕದ ಯಂತ್ರದ ಬೆರಳಗಲದ ಗಾಜಿನಲ್ಲೂ ಮದುಮಗಳು! ಶಂಕ್ರವ್ವ ಕಟ್ಟೆಯ ಮೇಲೆ ನಿಂತು ಓಣಿಯಲ್ಲಿ ಹಾದವರನ್ನೆಲ್ಲ ಊಟ ವಿಚಾರಿಸುವವಳು. ಪೆಟ್ಟಿಗೆಯ ಪಾಲಿಗೆ ಓಣಿಗೆ ಓಣಿಯೇ ಒಂದು ಮನೆಯಾಗಿತ್ತು.

ಮದುವೆ ಮುಗಿಯಿತು, ಫೋಟೋಗಳು ಮುಗಿಯಲಿಲ್ಲ. ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿರುವ ಶಂಕ್ರವ್ವ. ಪೇಪರಿನ ಮೇಲೆ ಕನ್ನಡಕ ಜಾರಿಸಿ ತೂಕಡಿಸುತ್ತಿರುವ ಶಂಕ್ರವ್ವ. ಬಿಸಿಲಿಗೆ ಬೆನ್ನು ಕೊಟ್ಟು ನರೆಗೂದಲು ಬಾಚುತ್ತಿರುವ ಶಂಕ್ರವ್ವ. ಒಂದನ್ನೂ ಆಕೆ ಕಂಡಿರಲಿಲ್ಲ.

ಬಸಲಿಂಗಪ್ಪನವರು ತಂತಿ ಕಿತ್ತರು, ಫೋಟೋಗಳು ನಿಲ್ಲಲಿಲ್ಲ. ಆಜ್ಞೆ ಟೈಪಿಸಿದರು. ‘ನಿಮಗೆ ಅನುಮತಿ ಇಲ್ಲ’ ಎಂದಿತು ಪರದೆ. ಸಿಟ್ಟಿನಲ್ಲಿದ್ದ ಶಂಕ್ರವ್ವ ಆ ಮೂರು ದಿನ ಅವರ ಮುಂದೆ ತಾಟು ಇಟ್ಟಿದ್ದಳೇ ಹೊರತು ಊಟ ಆಯಿತೇ ಎಂದು ಕೇಳಿರಲಿಲ್ಲ.

ಅವರು ಗೋಡೆಯ ಕಡೆ ಮುಖಮಾಡಿ ನಿಂತರು. ಮೆಣಸಿನಕಾಯಿಯ ಫೋಟೋ ಮತ್ತೆ ಬಂತು.

“ಇದು ಯಾವಾಗ ತಗದದ್ದು?” ಎಂದಳು ಶಂಕ್ರವ್ವ.

“ಸಂಕ್ರಾಂತಿ ಮರುದಿನ. ಬಿಸಲು ಚಂದ ಬಿದ್ದಿತ್ತು ನಿನ್ನ ಮುಖದ ಮ್ಯಾಲೆ. ಕರದ್ರ ಸೆರಗ ಅಡ್ಡ ಹಿಡೀತಿ, ಅದಕ್ಕ ಕರೀಲಿಲ್ಲ.”

ಮೂವತ್ತೆಂಟು ವರ್ಷದಲ್ಲಿ ಅವರು ಚಂದ ಎಂಬ ಮಾತನ್ನು ಬೆಸುಗೆ ಹಾಕಿದ ತಂತಿಗಳಿಗೆ ಮಾತ್ರ ಹೇಳಿದ್ದನ್ನು ಆಕೆ ಕೇಳಿದ್ದಳು. ಪೆಟ್ಟಿಗೆ ಒಡೆದುಬಿಡಲೇ ಎಂದು ಅವರು ಮೆಲ್ಲಗೆ ಕೇಳಿದರು. ಬೇಡವೆಂದು ಶಂಕ್ರವ್ವ ಇನ್ನೊಂದು ಕುರ್ಚಿ ಎಳೆದು ತನ್ನ ಪಕ್ಕಕ್ಕೆ ಹಾಕಿದಳು.

ಪೆಟ್ಟಿಗೆಯ ಬ್ಯಾಟರಿ ಮುಗಿಯುವವರೆಗೆ, ಎರಡು ದಿನ, ಓಣಿ ತುಂಬ ಶಂಕ್ರವ್ವನೇ. ಓಣಿಯ ಹೆಂಗಸರು ಗಂಡಂದಿರ ಮೊಬೈಲು ಕಸಿದು ತಮ್ಮ ಫೋಟೋ ಎಷ್ಟಿವೆಯೆಂದು ನೋಡತೊಡಗಿದರು. ಓಣಿಯ ಗಂಡಸರು ಬಸಲಿಂಗಪ್ಪನವರ ಜೊತೆ ಮಾತು ಬಿಟ್ಟು ಇವತ್ತಿಗೆ ತಿಂಗಳಾಯಿತು.